ತವರಿಗೆ ಬಂದವರು ಮರಳಿ ಹೋಗುವ ಲೆಕ್ಕ: ಎಂ-2 ವೀಸಾ ಕುಟುಂಬಗಳ ಮುಂದಿರುವ ತಾರೀಖುಗಳು

ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಭತ್ತದ ದುಡ್ಡು ಮೊದಲೆಲ್ಲ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಹೋಗುತ್ತಿತ್ತು. ಈಗ ಅದರಲ್ಲಿ ಒಂದಿಷ್ಟು ಅಮೆರಿಕದ ಪೈಲಟ್ ತರಬೇತಿ ಶಾಲೆಗಳ ಕಡೆಗೂ ಹರಿಯುತ್ತಿದೆ. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಕೇಳುವುದು 200 ಗಂಟೆಗಳ ಹಾರಾಟ. ಆ ಗಂಟೆಗಳನ್ನು ಅಲ್ಲಿ ಬೇಗ ಮುಗಿಸಬಹುದು ಎಂಬ ನಂಬಿಕೆಯಿಂದ ಹುಡುಗರು ಹೊರಡುತ್ತಾರೆ. ಅವರಲ್ಲಿ ಕೆಲವರು ಮದುವೆಯಾದವರು. ಬೇರೆ ಕೆಲಸದಲ್ಲಿದ್ದು, ಹೊಲ ಅಡವಿಟ್ಟು ಸಾಲ ಮಾಡಿ, ತಡವಾಗಿ ಈ ದಾರಿಗೆ ಬಂದವರು. ಹೆಂಡತಿ, ಮಗುವನ್ನೂ ಕರೆದುಕೊಂಡು ಹೋಗಬಹುದೇ ಎಂದು ಏಜೆಂಟರನ್ನು ಕೇಳುತ್ತಾರೆ. ಧಾರಾಳವಾಗಿ ಹೋಗಬಹುದು ಎಂಬ ಉತ್ತರ ಸಿಗುತ್ತದೆ. ಉತ್ತರವೇನೋ ಸರಿ. ಆದರೆ ನಡುವೆ ತಂಗಿಯ ಮದುವೆಗೋ, ಬಾಣಂತನಕ್ಕೋ, ಮಾವ ತೀರಿಕೊಂಡರೆಂದೋ ಊರಿಗೆ ಬಂದ ಹೆಣ್ಣುಮಗಳು ಮತ್ತೆ ಒಳಗೆ ಹೋಗುವುದು ಹೇಗೆ ಎಂಬ ಪ್ರಶ್ನೆಯನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವೃತ್ತಿ ತರಬೇತಿ ವಿದ್ಯಾರ್ಥಿಯ ಕುಟುಂಬಕ್ಕೆ ಹೋಗುವುದಕ್ಕಿಂತ ಮರಳುವುದೇ ಸೂಕ್ಷ್ಮವಾದ ವಿಷಯ. ಹೆಂಡತಿಗೆಂದು ಅಲ್ಲಿ ಪ್ರತ್ಯೇಕ ಹಕ್ಕು ಇಲ್ಲ. ಗಂಡನ ತರಬೇತಿಯ ತಾರೀಖುಗಳೇ ಆಕೆಯ ತಾರೀಖುಗಳು, ಮತ್ತು ಆ ತಾರೀಖುಗಳು ಬಹಳ ಬಿಗಿ. ಬೇಕಾದಷ್ಟು ಕುಟುಂಬಗಳು ಇದನ್ನು ವಿಮಾನದ ಟಿಕೆಟ್ ತೆಗೆದ ಮೇಲೆ ತಿಳಿಯುತ್ತವೆ. ವಿದ್ಯಾರ್ಥಿ ಹೆಣ್ಣಾಗಿದ್ದು ಗಂಡ ಅವಲಂಬಿತನಾಗಿ ಹೋಗುವುದೂ ಉಂಟು, ನಿಯಮ ಇಬ್ಬರಿಗೂ ಒಂದೇ. ನಮ್ಮ ಕಡೆ ಹೆಚ್ಚಾಗಿ ಹೆಂಡತಿಯೇ ಜೊತೆಗೆ ಹೋಗುವವಳಾದ್ದರಿಂದ ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಪದವಿ, ಸ್ನಾತಕೋತ್ತರ ಓದುವವರಿಗೆ ಎಫ್-1 ವೀಸಾ. ಪೈಲಟ್ ತರಬೇತಿ, ವಿಮಾನ ದುರಸ್ತಿ, ಅಡುಗೆ, ವೆಲ್ಡಿಂಗ್ ಮುಂತಾದ ವೃತ್ತಿ ಶಿಕ್ಷಣಕ್ಕೆ ಬರುವವರಿಗೆ ಎಂ-1. ಎಂ-1 ವಿದ್ಯಾರ್ಥಿಯ ಹೆಂಡತಿ ಅಥವಾ ಗಂಡ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು ಎಂ-2. ಅಪ್ಪ-ಅಮ್ಮ, ತಮ್ಮ-ತಂಗಿ ಈ ವರ್ಗಕ್ಕೆ ಸೇರುವುದಿಲ್ಲ. ಎಂ-2ನಲ್ಲಿ ಹೋದವರು ಅಲ್ಲಿ ದುಡಿಯುವಂತಿಲ್ಲ. ಮಕ್ಕಳು ಶಾಲೆಗೆ ಹೋಗಬಹುದು, ಹೋಗಲೇಬೇಕು. ಹೆಂಡತಿ 2015ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಶಾಲೆಯಲ್ಲಿ ಅರೆಕಾಲಿಕವಾಗಿ ಓದಬಹುದು. ಪೂರ್ಣಾವಧಿ ಓದಬೇಕೆಂದರೆ ತಾನೇ ವಿದ್ಯಾರ್ಥಿ ವರ್ಗಕ್ಕೆ ಬದಲಾಗಬೇಕು.

ಎಫ್ ಮತ್ತು ಎಂ ನಡುವಿನ ನಿಜವಾದ ಅಂತರ ಕೋರ್ಸಿನದ್ದಲ್ಲ, ಕಾಲದ್ದು. ಎಫ್-1 ವಿದ್ಯಾರ್ಥಿಗೆ ವಿಮಾನ ನಿಲ್ದಾಣದಲ್ಲಿ ಇಂಥ ದಿನ ಹೊರಡು ಎಂದು ತಾರೀಖು ಹಾಕದೆ, ಓದು ಮುಗಿಯುವವರೆಗೆ ಇರು ಎನ್ನುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಎಂ-1 ವಿದ್ಯಾರ್ಥಿಗೆ ಹಾಗಲ್ಲ. ಅವನಿಗೆ ಒಳಗೆ ಬಿಡುವಾಗಲೇ ತಾರೀಖು ಗೊತ್ತುಮಾಡುತ್ತಾರೆ: ಕೋರ್ಸಿನ ಅವಧಿ, ಅದರ ಮೇಲೆ 30 ದಿನ, ಎರಡೂ ಸೇರಿ ಒಂದು ವರ್ಷ ಮೀರುವಂತಿಲ್ಲ. ಇನ್ನೂ ಬೇಕೆಂದರೆ ಅರ್ಜಿ ಹಾಕಿ ವಿಸ್ತರಣೆ ಪಡೆಯಬೇಕು. ಹಾಗೆ ಪಡೆದರೂ ಮೊದಲ ದಿನದಿಂದ ಮೂರು ವರ್ಷವೇ ಗಡಿ. ಹೆಂಡತಿ, ಮಕ್ಕಳು ಯಾವಾಗ ಒಳಗೆ ಬಂದರೂ ಅವರಿಗೂ ಇದೇ ಕೊನೆಯ ದಿನ.

2025ರ ಆಗಸ್ಟ್‌ನಲ್ಲಿ ಅಮೆರಿಕದ ಗೃಹ ಭದ್ರತಾ ಇಲಾಖೆ ಎಫ್ ವಿದ್ಯಾರ್ಥಿಗಳಿಗೂ ಹೀಗೆಯೇ ತಾರೀಖು ಕಟ್ಟಬೇಕೆಂಬ ಪ್ರಸ್ತಾವವನ್ನು ಪ್ರಕಟಿಸಿದಾಗ ನಮ್ಮ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಯಿತು. ಎಂ ವರ್ಗದವರು ಅಂಥ ತಾರೀಖಿನ ಕೆಳಗೇ ಮೊದಲಿನಿಂದ ಬದುಕುತ್ತಿದ್ದಾರೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಸಂಖ್ಯೆಯಲ್ಲಿ ಅವರು ಕಡಿಮೆ, ಅವರ ಪರವಾಗಿ ಮಾತನಾಡುವ ವಿಶ್ವವಿದ್ಯಾಲಯಗಳೂ ಇಲ್ಲ.

ಮರುಪ್ರವೇಶದ ಗೊಂದಲಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಎರಡು ತಾರೀಖುಗಳನ್ನು ಒಂದೇ ಎಂದು ತಿಳಿಯುವುದರಿಂದ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲಿರುವ ತಾರೀಖು ಬಾಗಿಲು ತಟ್ಟುವುದಕ್ಕೆ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಐ-94 ಎಂಬ ಪ್ರವೇಶ ದಾಖಲೆ. ಅದು ಈಗ ಕಾಗದದಲ್ಲಿ ಸಿಗುವುದು ಅಪರೂಪ. ಗಡಿ ಇಲಾಖೆಯ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ನೋಡಿಕೊಳ್ಳಬೇಕು. ಒಳಗಿರುವಾಗ ವೀಸಾ ಅವಧಿ ಮುಗಿದರೆ ಏನೂ ಆಗುವುದಿಲ್ಲ. ಐ-94 ಮುಗಿದರೆ ಎಲ್ಲವೂ ಆಗುತ್ತದೆ. ಊರಿಗೆ ಬಂದು ಮರಳುವಾಗ ಮಾತ್ರ ವೀಸಾದ ತಾರೀಖು ಮತ್ತೆ ಮುಖ್ಯವಾಗುತ್ತದೆ. ‘ನನ್ನ ವೀಸಾ ಇನ್ನೂ ಎರಡು ವರ್ಷ ಇದೆ’ ಎಂದು ನಿಶ್ಚಿಂತೆಯಿಂದಿರುವ ಹೆಣ್ಣುಮಗಳ ಗಂಡನ ಕೋರ್ಸು ಎರಡು ತಿಂಗಳಲ್ಲಿ ಮುಗಿಯುವುದಿದ್ದರೆ ಆಕೆಗೆ ಉಳಿದಿರುವುದು ಆ ಎರಡು ತಿಂಗಳು ಮತ್ತು ಮೇಲಿನ 30 ದಿನ ಮಾತ್ರ.

ಮರಳುವುದಕ್ಕೆ ಏನೇನು ಇರಬೇಕು? ಎಲ್ಲಕ್ಕಿಂತ ಮೊದಲು, ವಿದ್ಯಾರ್ಥಿ ತನ್ನ ಸ್ಥಾನಮಾನ ಉಳಿಸಿಕೊಂಡಿರಬೇಕು. ಅವನು ಪೂರ್ಣಾವಧಿ ತರಬೇತಿಯಲ್ಲಿರಬೇಕು, ಇಲ್ಲವೇ ಅವನ ಕೋರ್ಸು 30 ದಿನಗಳೊಳಗೆ ಆರಂಭವಾಗುವುದಿರಬೇಕು, ಇಲ್ಲವೇ ಕೋರ್ಸು ಮುಗಿಸಿ ಒಪ್ಪಿಗೆ ಪಡೆದ ಪ್ರಾಯೋಗಿಕ ತರಬೇತಿಯಲ್ಲಿರಬೇಕು. ಈ ಪ್ರಾಯೋಗಿಕ ತರಬೇತಿಯೂ ಎಂ-1ಗೆ ಚಿಕ್ಕದೇ: ನಾಲ್ಕು ತಿಂಗಳ ಓದಿಗೆ ಒಂದು ತಿಂಗಳು, ಹೆಚ್ಚೆಂದರೆ ಆರು ತಿಂಗಳು. ಹೆಂಡತಿ ಗಂಡನ ಜೊತೆಗೆ ಅಥವಾ ಅವನ ಹಿಂದೆ ಹೋಗಬಹುದು, ಅವನಿಗಿಂತ ಮುಂದೆ ಹೋಗಿ ಮನೆ ಮಾಡುವಂತಿಲ್ಲ.

ಎರಡನೆಯದು ಐ-20. ಇದು ಶಾಲೆ ಕೊಡುವ ಪತ್ರ. ಅಮೆರಿಕದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ನಿಂದ ಹೊರಡುವಂಥದ್ದು. ಗಂಡನಿಗೆ ಒಂದು, ಹೆಂಡತಿಗೆ ಒಂದು, ಮೂರು ವರ್ಷದ ಮಗುವಿಗೂ ಒಂದು. ಪ್ರತಿಯೊಂದಕ್ಕೂ ಬೇರೆ ಸೆವಿಸ್ ಸಂಖ್ಯೆ. ಗಂಡನ ಐ-20ಯ ಜೆರಾಕ್ಸ್ ತೋರಿಸಿ ಹೆಂಡತಿ ಒಳಗೆ ಹೋಗುವುದು ಸಾಧ್ಯವಿಲ್ಲ.

ಈ ಪತ್ರದ ಮೊದಲ ಪುಟವನ್ನು ಎಲ್ಲರೂ ಓದುತ್ತಾರೆ, ಅಲ್ಲಿ ಹೆಸರು, ಶಾಲೆ, ಶುಲ್ಕ ಎಲ್ಲ ಇರುತ್ತದೆ. ಎರಡನೆಯ ಪುಟವನ್ನು ತಿರುವಿ ನೋಡುವವರು ಕಡಿಮೆ. ಅದರಲ್ಲಿ ಪ್ರಯಾಣದ ಒಪ್ಪಿಗೆಗೆಂದು ಕೆಲವು ಖಾಲಿ ಸಾಲುಗಳಿವೆ: ಶಾಲೆಯ ಅಧಿಕಾರಿಯ ಹೆಸರು, ಹುದ್ದೆ, ಸಹಿ, ತಾರೀಖು, ಊರು. ಆ ಅಧಿಕಾರಿಯನ್ನು ಅಲ್ಲಿ ಡಿಎಸ್‌ಒ ಎನ್ನುತ್ತಾರೆ. ವಿದ್ಯಾರ್ಥಿ ಇನ್ನೂ ನಿಯಮದಂತೆ ಓದುತ್ತಿದ್ದಾನೆ, ಈ ಕುಟುಂಬ ಮರಳಿ ಬರಬಹುದು ಎಂಬುದಕ್ಕೆ ಅವರ ಸಹಿಯೇ ಸಾಕ್ಷಿ. ಎಫ್ ವರ್ಗದಲ್ಲಿ ಈ ಸಹಿ ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತದೆ. ಎಂ ವರ್ಗದಲ್ಲಿ ಆರು ತಿಂಗಳು ಮಾತ್ರ. ಎಫ್-1ನಲ್ಲಿ ಓದುವ ಗೆಳೆಯನ ಮಾತು ನಂಬಿ ‘ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕಂತೆ’ ಎಂದು ಕುಳಿತವರಿಗೆ ಪೆಟ್ಟು ಬೀಳುವುದು ಇಲ್ಲಿಯೇ.

ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಹಾಕೋಣ. ಸಿರುಗುಪ್ಪದ ಒಬ್ಬ ಹುಡುಗನ ಕೋರ್ಸು 2026ರ ಜನವರಿ 12ರಿಂದ ಅಕ್ಟೋಬರ್ 30ರವರೆಗೆ ಎಂದಿರಲಿ. ಹೆಂಡತಿಯೂ ಜೊತೆಗೆ ಹೋಗಿದ್ದಾಳೆ. ಇಬ್ಬರ ಐ-94ನಲ್ಲೂ ನವೆಂಬರ್ 29 ಎಂದಿದೆ. ಫೆಬ್ರವರಿ 10ರಂದು, ಇರಲಿ ಎಂದು, ಆಕೆಯ ಐ-20ಗೆ ಸಹಿ ಮಾಡಿಸಿಕೊಂಡಿದ್ದಾರೆ. ಜುಲೈ ಮೊದಲ ವಾರ ಆಕೆ ತಂಗಿಯ ಮದುವೆಗೆಂದು ಸಿಂಧನೂರಿಗೆ ಬರುತ್ತಾಳೆ. ಹೊರಡುವಾಗ ಸಹಿಗೆ ಐದು ತಿಂಗಳೂ ಆಗಿಲ್ಲ, ಸರಿಯಾಗಿಯೇ ಇದೆ. ಮದುವೆ ಮುಗಿಯಿತು, ಆಷಾಢ ಕಳೆಯಿತು, ಶ್ರಾವಣ ಬಂತು, ಪಂಚಮಿ ಹಬ್ಬ ಮುಗಿಸಿಕೊಂಡು ಹೋಗು ಎಂದು ತಾಯಿ ಹೇಳಿದಳು. ಆಗಸ್ಟ್ 28ಕ್ಕೆ ಆಕೆ ಅಮೆರಿಕದ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗ ಸಹಿಗೆ ಆರು ತಿಂಗಳು ಮೀರಿದೆ. ಲೆಕ್ಕಕ್ಕೆ ಬರುವುದು ಹೊರಟ ದಿನವಲ್ಲ, ಮರಳಿ ಪ್ರವೇಶಿಸುವ ದಿನ.

ಇಲ್ಲಿ ಪರಿಹಾರ ಇಲ್ಲವೆಂದಲ್ಲ. ಗಂಡ ಅಲ್ಲಿ ಶಾಲೆಯ ಅಧಿಕಾರಿಯನ್ನು ಕಂಡು ಹೊಸ ಸಹಿಯಿರುವ ಐ-20 ಪಡೆದು ಕಳಿಸಬಹುದು. ಈಗ ಇ-ಮೇಲ್ ಮೂಲಕ ಕಳಿಸಿದ್ದನ್ನೂ ಒಪ್ಪುತ್ತಾರೆ, ಇಲ್ಲಿ ಪ್ರಿಂಟ್ ತೆಗೆದು ಇಟ್ಟುಕೊಳ್ಳಬಹುದು. ಹಾಗೆಯೇ ಬಂದುಬಿಟ್ಟವರಿಗೂ ಗಡಿ ಅಧಿಕಾರಿ ಮನಸ್ಸು ಮಾಡಿದರೆ ಐ-515ಎ ಎಂಬ ನಮೂನೆ ಕೊಟ್ಟು, ಕೊರತೆ ಸರಿಪಡಿಸಿಕೊಳ್ಳಲು 30 ದಿನದ ಮಟ್ಟಿಗೆ ಒಳಗೆ ಬಿಡುವ ಅವಕಾಶವಿದೆ. ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಅದನ್ನೇ ನಂಬಿ ಹೊರಡುವುದು ತರವಲ್ಲ. ನನ್ನನ್ನು ಕೇಳಿದರೆ, ಪ್ರಯಾಣದ ಯೋಚನೆ ಇರಲಿ ಬಿಡಲಿ, ಐದು ತಿಂಗಳಿಗೊಮ್ಮೆ ಮನೆಯವರೆಲ್ಲರ ಐ-20ಗೂ ಸಹಿ ಮಾಡಿಸಿ ಇಟ್ಟುಕೊಳ್ಳಬೇಕು. ಸಾವು-ನೋವಿನ ಸುದ್ದಿ ಶುಕ್ರವಾರ ರಾತ್ರಿ ಬರುತ್ತದೆ, ಶಾಲೆಯ ಕಚೇರಿ ತೆರೆಯುವುದು ಸೋಮವಾರ.

ಇದೇ ಉದಾಹರಣೆಯಲ್ಲಿ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಆಗಸ್ಟ್ 28ಕ್ಕೆ ಮರಳಿದರೂ ಆಕೆಗೆ ಸಿಗುವುದು ಹೊಸ ವರ್ಷವಲ್ಲ, ಅದೇ ನವೆಂಬರ್ 29. ಮೂರು ತಿಂಗಳ ವಾಸಕ್ಕೆ ಎರಡು ಕಡೆಯ ವಿಮಾನ ಟಿಕೆಟ್. ಗಂಡ ಎಕರೆಗಟ್ಟಲೆ ಹೊಲ ಅಡವಿಟ್ಟು ಕಲಿಯುತ್ತಿರುವಾಗ ಈ ಖರ್ಚು ಬೇಕೇ ಎಂಬುದನ್ನು ಆ ಕುಟುಂಬ ಮದುವೆಗೆ ಬರುವ ಮೊದಲೇ ಕೂತು ಯೋಚಿಸಬೇಕು. ಮದುವೆಗೆ ಬಂದವಳು ಊರಲ್ಲೇ ಉಳಿದು, ಅವನು ಚಳಿಗಾಲಕ್ಕೆ ಪರವಾನಗಿ ಹಿಡಿದು ಬರುವುದೇ ಲೇಸು ಎಂಬ ತೀರ್ಮಾನಕ್ಕೆ ಬಂದರೆ ಅದರಲ್ಲಿ ಅವಮಾನವೇನೂ ಇಲ್ಲ.

ಪೈಲಟ್ ತರಬೇತಿಯಲ್ಲಿ ಕೋರ್ಸು ಹೇಳಿದ ದಿನಕ್ಕೆ ಮುಗಿಯುವುದು ಅಪರೂಪ. ಮೋಡ ಕವಿದರೆ ಹಾರಾಟವಿಲ್ಲ, ವಿಮಾನ ದುರಸ್ತಿಗೆ ನಿಂತರೆ ಹಾರಾಟವಿಲ್ಲ, ಕೊನೆಯ ಪರೀಕ್ಷೆಗೆ ಪರೀಕ್ಷಕರ ಸರದಿ ಸಿಗುವುದು ವಾರಗಟ್ಟಲೆ ತಡವಾಗುತ್ತದೆ. ಹಾಗಾಗಿ ವಿಸ್ತರಣೆಯ ಅರ್ಜಿ ಬಹುತೇಕ ಖಚಿತ ಎಂದುಕೊಂಡೇ ಯೋಜನೆ ಹಾಕಬೇಕು. ಎಫ್-1 ವಿದ್ಯಾರ್ಥಿಯ ಕೋರ್ಸನ್ನು ಶಾಲೆಯ ಅಧಿಕಾರಿಯೇ ಕಂಪ್ಯೂಟರಿನಲ್ಲಿ ಮುಂದೂಡಿ ಹೊಸ ಐ-20 ಕೊಡುವ ಪದ್ಧತಿಯಿದೆ. ಎಂ-1 ವಿದ್ಯಾರ್ಥಿ ವಲಸೆ ಇಲಾಖೆಗೆ ಐ-539 ಅರ್ಜಿ ಹಾಕಬೇಕು, ಅದೂ ಕೋರ್ಸು ಮುಗಿಯುವ ದಿನಕ್ಕೆ 60 ದಿನ ಉಳಿದಾಗಿನಿಂದ 15 ದಿನ ಉಳಿಯುವವರೆಗಿನ ಕಿಂಡಿಯಲ್ಲಿ. ನಮ್ಮ ಸಿರುಗುಪ್ಪದ ಹುಡುಗನಿಗೆ ಆ ಕಿಂಡಿ ಆಗಸ್ಟ್ 31ರಿಂದ ಅಕ್ಟೋಬರ್ 15ರವರೆಗೆ.

ಆ ಹೊತ್ತಿಗೆ ಹೆಂಡತಿ ಅಮೆರಿಕದಲ್ಲಿದ್ದರೆ ಅದೇ ಅರ್ಜಿಗೆ ಆಕೆಯ ಹೆಸರಿನ ಪೂರಕ ನಮೂನೆ ಲಗತ್ತಿಸಬಹುದು. ಸಿಂಧನೂರಿನಲ್ಲಿದ್ದರೆ ಆಗುವುದಿಲ್ಲ, ದೇಶದೊಳಗೆ ಇರುವವರಿಗೆ ಮಾತ್ರ ವಾಸ್ತವ್ಯ ವಿಸ್ತರಣೆ. ಆಗ ಅವನ ಅರ್ಜಿಗೆ ಒಪ್ಪಿಗೆ ಬಂದು, ಹೊಸ ತಾರೀಖಿನ ಐ-20 ಆಕೆಯ ಹೆಸರಿನಲ್ಲಿ ಹೊರಟು, ಅದನ್ನು ಹಿಡಿದು ಆಕೆ ಗಡಿಯಲ್ಲಿ ಹೊಸದಾಗಿ ಪ್ರವೇಶ ಪಡೆಯಬೇಕು. ಒಪ್ಪಿಗೆ ತಿಂಗಳುಗಟ್ಟಲೆ ತಡವಾಗಬಹುದು. ಅರ್ಜಿ ಬಾಕಿಯಿರುವ ಕಾಲದಲ್ಲಿ ಮನೆಯವರು ಯಾರೂ ಪ್ರಯಾಣ ಇಟ್ಟುಕೊಳ್ಳದಿರುವುದು ಕ್ಷೇಮ. ವಿದ್ಯಾರ್ಥಿ ಶಾಲೆ ಬದಲಿಸಿದಾಗಲೂ, ಕೋರ್ಸಿನ ವಿವರದಲ್ಲಿ ದೊಡ್ಡ ಬದಲಾವಣೆಯಾದಾಗಲೂ ಕುಟುಂಬದವರಿಗೆ ಹೊಸ ಐ-20 ಬೇಕೇ ಬೇಕು. ಹಳೆಯದು ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು.

ಇದಕ್ಕಿಂತ ಕಠಿಣವಾದ ಸಂದರ್ಭ ಒಂದಿದೆ. ಹೆಂಡತಿ ಊರಲ್ಲಿರುವಾಗ ಗಂಡ ತರಗತಿ ತಪ್ಪಿಸಿಯೋ, ಹಣ ಸಾಲದೆಯೋ, ಶಾಲೆ ಮುಚ್ಚಿಯೋ ಸ್ಥಾನಮಾನ ಕಳೆದುಕೊಂಡನೆನ್ನಿ. ಸೆವಿಸ್‌ನಲ್ಲಿ ಅವನ ದಾಖಲೆ ರದ್ದಾದರೆ ಆಕೆಯದ್ದೂ, ಮಗುವಿನದ್ದೂ ರದ್ದಾಗುತ್ತದೆ. ಆಕೆಯ ಪಾಸ್‌ಪೋರ್ಟಿನಲ್ಲಿ ವೀಸಾ ಮೊದಲಿನಂತೆಯೇ ಹೊಳೆಯುತ್ತಿರುತ್ತದೆ. ಹೈದರಾಬಾದಿನ ಶಂಷಾಬಾದ್ ನಿಲ್ದಾಣದಲ್ಲಿ ವಿಮಾನ ಹತ್ತಿಸಿಯೂ ಬಿಡಬಹುದು. ಇಳಿದ ಮೇಲೆ ಅಧಿಕಾರಿಯ ಪರದೆಯಲ್ಲಿ ನಿಜ ಕಾಣುತ್ತದೆ. ಅಲ್ಲಿಂದಲೇ ಹಿಂದಕ್ಕೆ ಕಳಿಸಬಹುದು; ತ್ವರಿತ ಗಡೀಪಾರಿನ ಆದೇಶವಾದರೆ ಐದು ವರ್ಷ ಪ್ರವೇಶವಿಲ್ಲ. ಗಂಡ ಹೆಂಡತಿಗೆ ಮುಚ್ಚಿಟ್ಟ ಸುದ್ದಿಯ ಶಿಕ್ಷೆಯನ್ನು ಆಕೆ ಮಗುವನ್ನು ಎತ್ತಿಕೊಂಡು ಕೌಂಟರಿನ ಮುಂದೆ ಅನುಭವಿಸುವುದು ಎಂಥ ಅನ್ಯಾಯ! ಟಿಕೆಟ್ ಕಾಯ್ದಿರಿಸುವ ಮೊದಲು ‘ನಿಮ್ಮ ದಾಖಲೆ ಈಗ ಚಾಲ್ತಿಯಲ್ಲಿದೆಯೇ, ಶಾಲೆಯವರನ್ನು ಕೇಳಿ ಹೇಳಿ’ ಎಂದು ಹೆಂಡತಿ ಗಂಡನನ್ನು ಕೇಳುವುದು ಅಪನಂಬಿಕೆಯಲ್ಲ.

ವೀಸಾವೇ ಮುಗಿದಿದ್ದರೆ ಮತ್ತೆ ಸಂದರ್ಶನ. ರಾಯಚೂರು, ಬಳ್ಳಾರಿಯವರಿಗೆ ಹತ್ತಿರ, ಮಾತಿಗೂ ಅನುಕೂಲ ಎಂದರೆ ಹೈದರಾಬಾದ್. ನಾನಕ್‌ರಾಮ್‌ಗುಡದ ಕಾನ್ಸುಲೇಟ್ 2023ರಿಂದ ಅಲ್ಲಿದೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನಮ್ಮವರು ಸಂತೋಷಪಟ್ಟರು, ಆದರೆ ಉದ್ಘಾಟನೆಯೊಂದಿಗೇ ಅಲ್ಲಿ ವೀಸಾ ಕೆಲಸ ಶುರುವಾಗಲಿಲ್ಲ. ಎಂ-2 ಅರ್ಜಿದಾರರಲ್ಲಿ ಪ್ರತಿಯೊಬ್ಬರಿಗೂ ಡಿಎಸ್-160 ಎಂಬ ವೀಸಾ ಅರ್ಜಿ ನಮೂನೆ, ಪ್ರತಿಯೊಬ್ಬರಿಗೂ 185 ಡಾಲರ್ ಅರ್ಜಿ ಶುಲ್ಕ, ಹಸುಗೂಸಾದರೂ ಅಷ್ಟೇ. 350 ಡಾಲರಿನ ಸೆವಿಸ್ ಶುಲ್ಕ ಮಾತ್ರ ವಿದ್ಯಾರ್ಥಿಯದ್ದು. ಕುಟುಂಬದವರ ತಲೆಗೂ ಅದನ್ನು ಕಟ್ಟುವ ಏಜೆಂಟರಿಗೆ ಕೊಡಬೇಡಿ.

2025ರಲ್ಲಿ ಮೂರು ಬದಲಾವಣೆಗಳು ಒಂದರ ಹಿಂದೊಂದು ಬಂದವು. ಜೂನ್‌ನಲ್ಲಿ ಎಫ್, ಎಂ ಮತ್ತು ಜೆ (ವಿನಿಮಯ ಕಾರ್ಯಕ್ರಮದ) ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಹೇಳಲಾಯಿತು. ಸೆಪ್ಟೆಂಬರ್ 2ರಿಂದ 14 ವರ್ಷದೊಳಗಿನ ಮಕ್ಕಳೂ ಸೇರಿದಂತೆ ಬಹುತೇಕ ಎಲ್ಲರಿಗೂ ಖುದ್ದು ಸಂದರ್ಶನ ಕಡ್ಡಾಯವಾಯಿತು. ಮೊದಲು ಮಕ್ಕಳ ಕಾಗದಪತ್ರ ಡ್ರಾಪ್‌ಬಾಕ್ಸಿನಲ್ಲಿ ಹಾಕಿ ಬರಬಹುದಾಗಿದ್ದ ಅನುಕೂಲ ಹೋಯಿತು. ಅದೇ ತಿಂಗಳು, ಅರ್ಜಿದಾರರು ತಮ್ಮ ದೇಶದಲ್ಲಿ ಅಥವಾ ತಾವು ವಾಸವಿರುವ ದೇಶದಲ್ಲೇ ಸಂದರ್ಶನಕ್ಕೆ ಹೋಗಬೇಕೆಂಬ ಸೂಚನೆಯೂ ಬಂತು. ದುಬೈಗೋ ಬ್ಯಾಂಕಾಕಿಗೋ ಹೋಗಿ ವೀಸಾ ಸ್ಟ್ಯಾಂಪಿಂಗ್ ಮಾಡಿಸಿಕೊಂಡು ಬನ್ನಿ ಎನ್ನುವ ಹಳೆಯ ಸಲಹೆ ಈಗ ದುಡ್ಡು ಕಳೆಯುವ ದಾರಿ.

ಕೆನಡಾ, ಮೆಕ್ಸಿಕೊಗೆ 30 ದಿನದೊಳಗಿನ ಭೇಟಿ ಮಾತ್ರ ಬೇರೆ ಮಾತು. ಐ-94 ಚಾಲ್ತಿಯಲ್ಲಿದ್ದು ಅಮೆರಿಕದ ವೀಸಾ ಮಾತ್ರ ಮುಗಿದಿದ್ದರೆ ಮರಳಿ ಒಳಗೆ ಬರುವ ಅವಕಾಶ ನಿಯಮದಲ್ಲಿದೆ. ಆ ಪ್ರವಾಸದ ನಡುವೆ ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಅವಕಾಶ ತಪ್ಪುತ್ತದೆ. ಎಫ್ ವರ್ಗದವರಿಗೆ ಹತ್ತಿರದ ಕೆಲವು ದ್ವೀಪಗಳಿಗೂ ಈ ಸೌಲಭ್ಯ ಉಂಟು, ಎಂ ವರ್ಗಕ್ಕೆ ಇಲ್ಲ.

ಸಂದರ್ಶನದಲ್ಲಿ ನಮ್ಮ ಕಡೆಯವರು ಸಿಕ್ಕಿಹಾಕಿಕೊಳ್ಳುವುದು ಇಂಗ್ಲಿಷಿಗಿಂತ ಹೆಚ್ಚಾಗಿ ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ಆಧಾರ್‌ನಲ್ಲಿ ಆ ಅಕ್ಷರ ಬಿಡಿಸಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ವಿವಾಹ ನೋಂದಣಿ ಪತ್ರದಲ್ಲಿ ಗಂಡನ ಮನೆಯ ಅಡ್ಡಹೆಸರು. ಆ ನಾಲ್ಕು ಹೆಸರುಗಳೂ ಒಬ್ಬಳೇ ಹೆಣ್ಣುಮಗಳದ್ದು ಎಂಬುದು ಬಳ್ಳಾರಿಯ ಉಪನೋಂದಣಾಧಿಕಾರಿಗೆ ಸಹಜವಾಗಿ ಗೊತ್ತಾಗುತ್ತದೆ. ಗಾಜಿನಾಚೆ ಕುಳಿತ ಅಧಿಕಾರಿಗೆ ಗೊತ್ತಾಗುವುದಿಲ್ಲ. ಉಪನಾಮ ಖಾಲಿಯಿದ್ದವರ ವೀಸಾದಲ್ಲಿ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದು, ಮುಂದೆ ಐ-94 ಹುಡುಕುವಾಗ, ಟಿಕೆಟ್ ತೆಗೆಯುವಾಗ ಪೇಚಾಟ. ಪಾಸ್‌ಪೋರ್ಟಿನ ಹೆಸರನ್ನು ಮೊದಲು ಸರಿಮಾಡಿಸಿ, ಆಮೇಲೆ ಅದೇ ಅಕ್ಷರಗಳಲ್ಲಿ ಐ-20 ಕೇಳುವುದು ಒಳ್ಳೆಯದು. ಮದುವೆಯ ನೋಂದಣಿ ಮಾಡಿಸದೆ ಲಗ್ನಪತ್ರಿಕೆ, ಫೋಟೊ ಆಲ್ಬಮ್ ಹೊತ್ತು ಹೋಗುವವರು ಇನ್ನೂ ಇದ್ದಾರೆ. ಅವು ಪೂರಕ ಸಾಕ್ಷ್ಯಗಳೇ ಹೊರತು ನೋಂದಣಿಗೆ ಬದಲಿ ಅಲ್ಲ.

ಒಮ್ಮೆ ವೀಸಾ ಕೊಟ್ಟಿದ್ದಾರಲ್ಲ, ಎರಡನೆಯ ಸಲ ಸುಮ್ಮನೆ ಕೊಡುತ್ತಾರೆ ಎಂಬ ಭಾವನೆಯೂ ತಪ್ಪು. ಅರ್ಜಿದಾರರು ಅಲ್ಲೇ ನೆಲೆಸುವ ಉದ್ದೇಶದವರು ಎಂದು ಮೊದಲು ಭಾವಿಸಿಕೊಳ್ಳಬೇಕು ಎನ್ನುತ್ತದೆ ಅವರ ಕಾನೂನಿನ 214(ಬಿ) ಕಲಂ. ಹಾಗಲ್ಲವೆಂದು ಪ್ರತಿ ಸಲವೂ ನಾವೇ ತೋರಿಸಿಕೊಡಬೇಕು. ಕೋರ್ಸಿಗೆ ಮೂರು ತಿಂಗಳು ಉಳಿದಿರುವಾಗ ಹೊಸ ವೀಸಾ ಕೇಳುವ ಹೆಂಡತಿಗೆ ಅಧಿಕಾರಿ ಏಕೆ ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಬಾಣಂತನದ ವಿಷಯವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಮೊದಲ ಹೆರಿಗೆ ತವರಿನದ್ದು. ಏಳನೆಯ ತಿಂಗಳಲ್ಲಿ ಕುಬುಸ ಮಾಡಿ ಮಗಳನ್ನು ಕರೆದುಕೊಂಡು ಬರುವುದು ತಂದೆ-ತಾಯಿಯ ಆಸೆ. ಏಳು ತಿಂಗಳಾದ ಗರ್ಭಿಣಿಗೆ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ, ಇನ್ನೂ ತಡವಾದರೆ ಹತ್ತಿಸುವುದೇ ಇಲ್ಲ. ಅವಳೇನೋ ಬರುತ್ತಾಳೆ. ಆದರೆ ಮರಳುವಾಗ ಅವಳು ಒಬ್ಬಳಲ್ಲ. ಮಗುವಿಗೆ ಮೊದಲು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಪಾಸ್‌ಪೋರ್ಟ್ ಮಾಡಿಸಲು ಜನ್ಮದಿನದ ದಾಖಲೆಯಾಗಿ ಅದೊಂದೇ ನಡೆಯುವುದು, ಹಾಗಾಗಿ ಅದರಲ್ಲಿ ತಂದೆ-ತಾಯಿಯ ಹೆಸರುಗಳು ಅವರ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರಬೇಕು. ಆಸ್ಪತ್ರೆಯಲ್ಲಿ ಮಾಹಿತಿ ಬರೆದುಕೊಳ್ಳುವಾಗ ಬಾಯಿಮಾತಿನಲ್ಲಿ ಹೇಳಿದ ಹೆಸರು ಹಾಗೆಯೇ ದಾಖಲಾಗಿ, ತಿದ್ದುಪಡಿಗೆ ಅಲೆದವರು ನಮ್ಮಲ್ಲಿ ಕಡಿಮೆಯಿಲ್ಲ. ಮುಂದೆ ಮಗುವಿನ ಪಾಸ್‌ಪೋರ್ಟ್. ಆ ಪಾಸ್‌ಪೋರ್ಟ್ ನೋಡಿ ಶಾಲೆಯವರು ಮಗುವನ್ನು ಸೆವಿಸ್‌ಗೆ ಸೇರಿಸಿ ಐ-20 ಕೊಡಬೇಕು, ಒಂದು ತಲೆ ಹೆಚ್ಚಾದ್ದಕ್ಕೆ ಗಂಡ ಇನ್ನಷ್ಟು ಹಣದ ದಾಖಲೆ ತೋರಿಸಬೇಕು. ಆಮೇಲೆ ಡಿಎಸ್-160, ಶುಲ್ಕ, ಸರದಿ, ಸಂದರ್ಶನ.

ಹತ್ತು-ಹನ್ನೊಂದು ತಿಂಗಳ ಕೋರ್ಸಿನಲ್ಲಿ ಇದಕ್ಕೆಲ್ಲ ಕಾಲ ಎಲ್ಲಿದೆ? ಕೊನೆಯ ಕಾಗದ ಕೈಸೇರುವ ಹೊತ್ತಿಗೆ ಗಂಡನ ಐ-94 ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಒಂದು ವರ್ಷದೊಳಗಿನ ಎಂ-1 ಕೋರ್ಸಿನ ನಡುವೆ ಬಾಣಂತನಕ್ಕೆ ಬಂದವರು ಮರಳುವ ಯೋಚನೆ ಬಿಟ್ಟು, ಮಗುವಿನೊಂದಿಗೆ ತವರಲ್ಲೇ ಇರುವುದು ಒಳಿತೆಂದು ನಾನು ಖಚಿತವಾಗಿ ಹೇಳುತ್ತೇನೆ. ಹೇಳುವುದು ಸುಲಭ, ಮಗುವಿನ ಮುಖವನ್ನು ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಬೇಕಾದ ತಂದೆಯ ಸಂಕಟ ಸಣ್ಣದಲ್ಲ ಎಂದೂ ಬಲ್ಲೆ. ಆದರೂ ತಾಯಿ-ಮಗುವನ್ನು ನಿಲ್ದಾಣದಿಂದ ವಾಪಸ್ ಕಳಿಸುವುದಕ್ಕಿಂತ ಅದು ಮೇಲು.

ಉಳಿದುಬಿಡುವ ಅಪಾಯವನ್ನೂ ಬರೆಯಲೇಬೇಕು. ಎಂ ವರ್ಗಕ್ಕೆ ನಿಗದಿತ ತಾರೀಖು ಇರುವುದರಿಂದ ಅದು ದಾಟಿದ ಮರುದಿನದಿಂದಲೇ ಅಕ್ರಮ ವಾಸದ ದಿನಗಳ ಎಣಿಕೆ ಶುರು, ಇದ್ದ ವೀಸಾವೂ ರದ್ದು. 180 ದಿನ ಮೀರಿ ಇದ್ದು ಹೊರಬಂದರೆ ಮೂರು ವರ್ಷ, ಒಂದು ವರ್ಷ ಇದ್ದು ಬಂದರೆ ಹತ್ತು ವರ್ಷ ಪ್ರವೇಶ ನಿಷೇಧ. 18 ವರ್ಷದೊಳಗಿನ ಮಕ್ಕಳಿಗೆ ಈ ದಿನಗಳನ್ನು ಎಣಿಸುವುದಿಲ್ಲ, ತಾಯಿಗೆ ಎಣಿಸುತ್ತಾರೆ. ಗಂಡ ಕೋರ್ಸು ಮುಗಿಸಿ ಶಾಶ್ವತವಾಗಿ ಹೊರಟ ಮೇಲೆ ಹೆಂಡತಿ-ಮಕ್ಕಳು ನೆಂಟರ ಮನೆಯಲ್ಲಿ ಉಳಿದು ಊರು ನೋಡಿಕೊಂಡು ಬರುವಂತಿಲ್ಲ. ಅವನ ಜೊತೆಗೇ ಅವರ ಅವಕಾಶವೂ ಮುಗಿಯುತ್ತದೆ. ಓದಿನ ನಡುವೆ ಅವನೊಬ್ಬನೇ ಊರಿಗೆ ಹೋಗಿ ಬರುವುದಾದರೆ ಅವರು ಅಲ್ಲಿರಬಹುದು. ಆದರೆ ಅವನು ಐದು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಹಳೆಯ ಐ-20 ಹಿಡಿದು ಮರಳಲಾಗುವುದಿಲ್ಲ.

ಬೇರೆ ದೇಶಗಳ ಬಾಗಿಲೂ ಕಿರಿದಾಗುತ್ತಿದೆ. ಬ್ರಿಟನ್ 2024ರ ಜನವರಿಯಿಂದ ಸಂಶೋಧನೆಯಲ್ಲದ ಸ್ನಾತಕೋತ್ತರ ವಿದ್ಯಾರ್ಥಿಗಳ ಕುಟುಂಬಕ್ಕೂ ವೀಸಾ ನಿಲ್ಲಿಸಿತು. ಕೆನಡಾ 2025ರ ಜನವರಿಯಿಂದ ವಿದ್ಯಾರ್ಥಿಯ ಸಂಗಾತಿಗೆ ಕೊಡುವ ಕೆಲಸದ ಪರವಾನಗಿಯನ್ನು ಡಾಕ್ಟರೇಟ್, ದೀರ್ಘಾವಧಿ ಸ್ನಾತಕೋತ್ತರ ಮತ್ತು ಆಯ್ದ ವೃತ್ತಿಪರ ಕೋರ್ಸುಗಳಿಗೆ ಸೀಮಿತಗೊಳಿಸಿತು. ಆಸ್ಟ್ರೇಲಿಯಾದಲ್ಲಿ ವೃತ್ತಿ ಶಿಕ್ಷಣದ ವಿದ್ಯಾರ್ಥಿ ಕುಟುಂಬವನ್ನು ಕರೆದೊಯ್ಯಬಹುದು, ಆದರೆ ಮೊದಲ ಅರ್ಜಿಯಲ್ಲೇ ಅವರ ಹೆಸರು ತಿಳಿಸಿರಬೇಕು. ಮುಖ್ಯ ಅರ್ಜಿದಾರನ ವೀಸಾ ಶುಲ್ಕ 2025ರ ಜುಲೈನಿಂದ 2,000 ಆಸ್ಟ್ರೇಲಿಯನ್ ಡಾಲರ್ ಆಗಿದೆ.

ಇಷ್ಟು ವಿಷಯವನ್ನು ಹೇಳಬೇಕಾದವರು ಯಾರು? ಲಕ್ಷಾಂತರ ರೂಪಾಯಿ ತೆಗೆದುಕೊಳ್ಳುವ ಏಜೆಂಟರು ಹೇಳಬೇಕು. ಪ್ರವೇಶಪತ್ರ ಕೊಡಿಸಿ ವೀಸಾ ಬಂದ ದಿನ ಅವರ ಕೆಲಸ ಮುಗಿಯುತ್ತದೆ. ಕುಟುಂಬ ಮರಳುವುದು ಅವರ ಒಪ್ಪಂದದಲ್ಲಿ ಇರುವುದಿಲ್ಲ. ಹಣ ಕೊಡುವ ಮೊದಲು ಆ ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಕೋರ್ಸಿನ ಆರಂಭ, ಕೊನೆ, ಐ-94 ಅಂದಾಜು ತಾರೀಖು, ವಿಸ್ತರಣೆಯ ಕಿಂಡಿ ಇವನ್ನು ಲಿಖಿತವಾಗಿ ಕೊಡಬೇಕೆಂದು. ಕೊಡಲು ಹಿಂದೆಮುಂದೆ ನೋಡುವವರ ಬಳಿ ಕುಟುಂಬದ ಅರ್ಜಿ ಹಾಕಿಸಬೇಡಿ.

ಸರ್ಕಾರದ ಕಡೆಯಿಂದ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಅದರ ಗಮನವೆಲ್ಲ ವಿದೇಶಕ್ಕೆ ಕೆಲಸಕ್ಕೆ ಹೋಗುವವರ ಮೇಲೆ. ಕಲಿಯಲು ಹೋಗುವವನ ಹೆಂಡತಿ ಕಾರ್ಮಿಕಳೂ ಅಲ್ಲ, ವಿದ್ಯಾರ್ಥಿನಿಯೂ ಅಲ್ಲ. ಆಕೆಗೆ ಮಾಹಿತಿ ಕೊಡುವ ಮೇಜು ಎಲ್ಲಿಯೂ ಇಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲಾ ಕೌಶಲ್ಯ ಕಚೇರಿಗಳಲ್ಲಿ ತಿಂಗಳಿಗೊಮ್ಮೆ, ನಿಯಮ ಬಲ್ಲ ಒಬ್ಬರನ್ನು ಕೂರಿಸಿ, ಐ-20, ಪಾಸ್‌ಪೋರ್ಟ್, ವಿವಾಹ ನೋಂದಣಿ, ಜನನ ಪ್ರಮಾಣಪತ್ರ ನಾಲ್ಕನ್ನೂ ಒಟ್ಟಿಗೆ ಇಟ್ಟು ಹೆಸರು-ತಾರೀಖು ತಾಳೆ ನೋಡಿ ಕೊಡುವ ವ್ಯವಸ್ಥೆ ಮಾಡಿದರೆ ಸಾಕು. ಕೊಪ್ಪಳದಲ್ಲಿ ಶುರುಮಾಡಬಹುದು, ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆಂದು ಹೊರದೇಶದಿಂದ ಬರುವ ಕುಟುಂಬಗಳು ಮರಳುವ ಮೊದಲು ತಮ್ಮ ಕಾಗದ ತೋರಿಸಿಕೊಂಡು ಹೋಗಲಿ.